ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ವಾರಿ ಸದ್ದೋ, ಭೂಮಿ ಸದ್ದೋ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಭೂಕಂಪದ್ದೇ. ಹಾಗಾಗಿ ಟೊಮೆಟೊ ರೋಗ, ಖಾತೆ ಬದಲಾವಣೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತಗೊಂಡಿದ್ದೀನಿ. ಬರೆಯೋನು ಭೂವಿಜ್ಞಾನಿ ಏನಲ್ಲ, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆಗಿರೋ ಚಿಕ್ಕಬಳ್ಳಾಪುರದೋನು, ತಲೆಗೆ ಹತ್ತಿದ್ದನ್ನ ಹೇಳ್ತೀನಿ.

ಸಾರ್, ನಮ್ಮೂರ ಸುತ್ತ ಬರೀ ಕ್ರಷರ್‌ಗಳು. ಢಂ ಅಂದ್ರೆ ಅದು ಕ್ವಾರಿ ಬ್ಲಾಸ್ಟೋ ಭೂಕಂಪಾನೋ ಹೆಂಗೆ ಗೊತ್ತಾಗೋದು? — ಮಂಡಿಕಲ್ ಕಡೆಯ ಓದುಗರು

ಕಿವಿಗೆ ಗೊತ್ತಾಗಲ್ಲ ಅಣ್ಣ, ಅದಂತೂ ನಿಜ. 2021ರ ಡಿಸೆಂಬರ್ 22ರ ಬೆಳಿಗ್ಗೆ ನಮ್ಮನೇಲಿ ಕಾಫಿಗೆ ಹಾಲಿಟ್ಟಿದ್ವಿ, ಅಟ್ಟದ ಮೇಲೆ ಬೋರಲು ಹಾಕಿದ್ದ ಸ್ಟೀಲ್ ಪಾತ್ರೆಗಳು ಟಿಣಿಟಿಣಿ ಅಂದ್ವು, ಮನೆಯವಳು ಬೆಕ್ಕು ಅಂದ್ಲು, ನಾನು ಕ್ವಾರಿ ಅಂದೆ, ಇದೇನು ಇಷ್ಟು ಬೆಳಿಗ್ಗೇನೇ ಶುರು ಹಚ್ಕೊಂಡ್ರಾ ಅಂತ ಬೈದೂಬಿಟ್ಟೆ. ಇನ್ನೂ ಕಾಫಿ ಕುಡಿದು ಮುಗಿಸಿಲ್ಲ, ಮತ್ತೆ ಒಂದ್ಸಲ. ಆಮೇಲೆ ನೋಡಿದ್ರೆ ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ, ಅದೇ ಎನ್‌ಸಿಎಸ್ ಅಂತಾರಲ್ಲ, ಅವರು ಎರಡು ಎಂಟ್ರಿ ಹಾಕಿದ್ರು: 7 ಗಂಟೆ 9 ನಿಮಿಷಕ್ಕೆ ಒಂದು, 7 ಗಂಟೆ 14 ನಿಮಿಷಕ್ಕೆ ಇನ್ನೊಂದು, ಎರಡರ ಮ್ಯಾಗ್ನಿಟ್ಯೂಡೂ (ಭೂಕಂಪ ಎಷ್ಟು ದೊಡ್ಡದು ಅಂತ ಹೇಳೋ ಅಂಕಿ) 3ರ ಆಸುಪಾಸು. ಜಾಗ "ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಉತ್ತರ-ಈಶಾನ್ಯ". ನಮ್ಮ ಜಿಲ್ಲೆ ಭೂಮಿ ನಡುಗಿದ್ರೂ ಹೆಸರು ಬೆಂಗಳೂರಿಗೇ ಹೋಗುತ್ತೆ, ಏನ್ ಮಾಡೋದು ಹೇಳಿ.

ನೆಲದ ನಡುಕನ ಗೆರೆಯಾಗಿ ಬರೆಯೋ ಮೆಷಿನ್‌ಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ. ಭೂಕಂಪದಲ್ಲಿ ಮುಖ್ಯವಾಗಿ ಎರಡು ತರದ ಅಲೆ ಬರುತ್ತೆ, ಮೊದಲು ಬರೋದು ಪಿ ಅಲೆ, ಗಟ್ಟಿ ಬಂಡೆಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತೆ, ಹಿಂದೇನೇ ಎಸ್ ಅಲೆ, ಅದು ಸುಮಾರು 3.5 ಕಿ.ಮೀ., ಪಕ್ಕಕ್ಕೆ ಅಲ್ಲಾಡಿಸೋದು ಇದೇ. ಕ್ವಾರಿಲಿ ಮದ್ದು ಸಿಡಿಸಿದ್ರೆ ಬಂಡೆ ಎಲ್ಲಾ ದಿಕ್ಕಿಗೂ ಹೊರಗೆ ತಳ್ಳಿಸ್ಕೊಳ್ಳುತ್ತೆ, ಹಾಗಾಗಿ ಸುತ್ತ ಆ ಮೆಷಿನ್ ಇಟ್ಟಿರೋ ಎಲ್ಲಾ ಸ್ಟೇಷನ್‌ಗಳಲ್ಲೂ ಮೊದಲ ಗೆರೆ ಮೇಲಕ್ಕೇ ಏಳುತ್ತೆ, ಎಸ್ ಅಲೆ ಸೊರಗಿರುತ್ತೆ. ಭೂಕಂಪದಲ್ಲಿ ಬಂಡೆ ಒಂದರ ಪಕ್ಕ ಒಂದು ಜಾರೋದು, ಆವಾಗ ಕೆಲವು ಸ್ಟೇಷನ್‌ಲಿ ಗೆರೆ ಮೇಲಕ್ಕೆ, ಕೆಲವು ಕಡೆ ಕೆಳಕ್ಕೆ, ಎಸ್ ಅಲೆ ಜೋರು. ಇದರ ಜೊತೆ ಟೈಮ್ ಕೂಡ ನೋಡ್ತಾರೆ, ದಿನಾ ಹಗಲು ಹೊತ್ತಲ್ಲೇ, ಒಂದೇ ಜಾಗದಲ್ಲೇ ಬರ್ತಾ ಇದ್ರೆ ಅದು ಭೂಮಿ ಕೆಲಸ ಅಲ್ಲ, ಮನುಷ್ಯರ ಕೆಲಸ.

ಆ ಢಂ ಶಬ್ದ ಯಾಕೆ ಅಂತೀರಾ? ಪಿ ಅಲೆ ನೆಲದಿಂದ ಗಾಳಿಗೆ ದಾಟಿದಾಗ ಗುಡುಗಿದ ಹಾಗೆ ಕೇಳುತ್ತೆ, ಅದರಲ್ಲೂ ನಮ್ಮ ಕಡೆ ನೆಲ ಅಂದ್ರೆ ಕರಿಕಲ್ಲು, ಹತ್ತಿರದಲ್ಲೇ ಆಗಿದ್ರೆ ಸದ್ದು ಸೋರದೆ ಬರುತ್ತೆ. ಹಾಗಂತ ಸದ್ದೆಲ್ಲಾ ಭೂಕಂಪ ಅಲ್ಲ. 2020ರ ಮೇ 20ಕ್ಕೆ ಬೆಂಗಳೂರಲ್ಲಿ ಕಿಟಕಿ ಗಾಜು ಅದುರೋ ಹಾಗೆ ಸದ್ದಾಗಿ ಎಲ್ರೂ ಭೂಕಂಪ ಅಂದ್ರು, ಭೂಕಂಪ ಮಾಪಕದಲ್ಲಿ ಒಂದು ಗೆರೆಯೂ ಏರಿರಲಿಲ್ಲ, ಆಮೇಲೆ ನೋಡಿದ್ರೆ ವಾಯುಪಡೆ ವಿಮಾನದ್ದು.

ಗೌರಿಬಿದನೂರಿನಲ್ಲಿ ಭೂಕಂಪ ಅಳೆಯೋ ದೊಡ್ಡ ಮೆಷಿನ್ ಇದೆ ಅಂತಾರೆ, ನಿಜಾನಾ? ಇದ್ರೆ ಮೊದಲೇ ಯಾಕೆ ಹೇಳಲ್ಲ? — ಗುಡಿಬಂಡೆಯ ಕಾಲೇಜು ಹುಡುಗಿ

ನಿಜಾನೇ ಕಣಮ್ಮ, ಆದ್ರೆ ಒಂದು ಮೆಷಿನ್ ಅಲ್ಲ, ಇಪ್ಪತ್ತು. 1965ರ ಹೊತ್ತಿಗೆ ಭಾಭಾ ಅಣು ಸಂಶೋಧನಾ ಕೇಂದ್ರದವರು ಬ್ರಿಟನ್‌ನವರ ಜೊತೆ ಸೇರಿ ಹಾಕಿದ್ದು. ತಮಾಷೆ ಏನಪ್ಪಾ ಅಂದ್ರೆ ಅದನ್ನ ಹಾಕಿದ್ದು ಭೂಕಂಪಕ್ಕಲ್ಲ, ಯಾವ್ಯಾವ ದೇಶ ನೆಲದ ಕೆಳಗೆ ಕದ್ದು ಅಣುಬಾಂಬ್ ಸಿಡಿಸ್ತಾ ಇದೆ ಅಂತ ಕಿವಿಗೊಟ್ಟು ಕೇಳೋಕೆ. ಇದೇ ತರದ್ದು ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲೂ ಹಾಕಿದ್ರು. ನಮ್ಮ ಕಡೆ ಯಾಕೆ ಅಂದ್ರೆ ಹಳೇ ಗಟ್ಟಿ ಬಂಡೆ, ಸಮುದ್ರ ದೂರ (ಅಲೆ ಹೊಡೆಯೋದೂ ನೆಲದಲ್ಲಿ ಗೊಣಗೊಣ ಅಂತ ಕೇಳ್ತಾನೇ ಇರುತ್ತೆ), ಆಗ ಟ್ರಾಫಿಕ್ಕೂ ಇರಲಿಲ್ಲ.

ಈ ಇಪ್ಪತ್ತನ್ನೂ ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಎರಡು ಸಾಲಾಗಿ ನೆಟ್ಟಿದ್ದಾರೆ, ಒಂದೊಂದು ಸಾಲೂ ಇಪ್ಪತ್ತು ಕಿ.ಮೀ.ಗೂ ಉದ್ದ. ಯಾಕೆ ಅಷ್ಟು ದೂರ ದೂರ? ಜಾತ್ರೆಲಿ ಮಗು ಎಲ್ಲೋ ಅಮ್ಮಾ ಅಂತ ಕೂಗುತ್ತೆ, ಒಂದು ಕಿವಿ ಮುಚ್ಕೊಂಡ್ರೆ ಯಾವ ಕಡೆಯಿಂದ ಅಂತ ಗೊತ್ತಾಗಲ್ಲ, ಎರಡೂ ಬಿಟ್ರೆ ಗೊತ್ತಾಗುತ್ತೆ, ಯಾಕಂದ್ರೆ ಸದ್ದು ಒಂದು ಕಿವಿಗೆ ಚೂರು ಮೊದಲು ಇನ್ನೊಂದಕ್ಕೆ ಚೂರು ಆಮೇಲೆ ಬರುತ್ತೆ. ಇಲ್ಲಿ ಇಪ್ಪತ್ತು ಕಿವಿ. ಅಲೆ ಯಾವ ಕಿವಿಗೆ ಎಷ್ಟು ತಡವಾಗಿ ಬಂತು ಅಂತ ಲೆಕ್ಕ ಹಾಕಿದ್ರೆ ದಿಕ್ಕು ಸಿಗುತ್ತೆ, ಆ ತಡವನ್ನ ಸರಿಮಾಡಿ ಇಪ್ಪತ್ತೂ ಗೆರೆಗಳನ್ನ ಕೂಡಿಸಿದ್ರೆ ನಿಜವಾದ ಅಲೆ ಎದ್ದು ಕಾಣುತ್ತೆ, ಲಾರಿ ಬಸ್ಸಿನ ಗದ್ದಲ ಒಂದಕ್ಕೊಂದು ಹೊಡ್ಕೊಂಡು ತಣ್ಣಗಾಗುತ್ತೆ. ಲೆಕ್ಕದಲ್ಲಿ ಹೇಳೋದಾದ್ರೆ ಇಪ್ಪತ್ತರ ವರ್ಗಮೂಲ, ಅಂದ್ರೆ ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟ.

ಬರೀ ಒಂದೇ ಮೆಷಿನ್ ಇದ್ರೂ ದೂರ ಸಿಗುತ್ತೆ ಗೊತ್ತಾ, ಇದನ್ನ ನೀನೇ ಮನೆಲಿ ಲೆಕ್ಕ ಹಾಕ್ಬೋದು. ಪಿ ಬಂದು ಎಷ್ಟು ಸೆಕೆಂಡಿಗೆ ಎಸ್ ಬಂತು ನೋಡು, ಅದನ್ನ 8ರಿಂದ ಗುಣಿಸು, ಅಷ್ಟು ಕಿ.ಮೀ. 3 ಸೆಕೆಂಡ್ ಆದ್ರೆ 24 ಕಿ.ಮೀ. ಮಳೇಲಿ ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸ್ತೀವಲ್ಲ, ಅದೇ. ಒಂದು ಸ್ಟೇಷನ್ ದೂರ ಹೇಳುತ್ತೆ, ಅಲ್ಲಿಂದ ಒಂದು ವೃತ್ತ ಎಳೀಬೇಕು, ಮೂರು ಸ್ಟೇಷನ್‌ನ ಮೂರು ವೃತ್ತ ಕೂಡೋ ಕಡೆ ಭೂಕಂಪದ ಜಾಗ. ಆಳ ಹಿಡಿಯೋದು ಮಾತ್ರ ಕಷ್ಟ. ಆವತ್ತಿನ ನಮ್ಮ ಎರಡು ನಡುಕದಲ್ಲಿ ಮೊದಲನೇದಕ್ಕೆ 11 ಕಿ.ಮೀ. ಆಳ, ಎರಡನೇದಕ್ಕೆ 23 ಕಿ.ಮೀ. ಅಂತ ಹಾಕಿದ್ರು, ಐದು ನಿಮಿಷದಲ್ಲಿ ಅಷ್ಟು ಕೆಳಗೆ ಇಳೀತಾ ಅಂತ ನಮ್ಮ ಹಳೇ ಸ್ಟೂಡೆಂಟ್ ಒಬ್ಬ ಕೇಳಿದ. ಇಳೀಲಿಲ್ಲ ಅಂತ್ಲೇ ನನ್ನ ಅನಿಸಿಕೆ. ಸ್ಟೇಷನ್ ಹತ್ತಿರದಲ್ಲಿ ಇಲ್ಲದಿದ್ರೆ ಆಳದ ಲೆಕ್ಕ ಹಾಗೆ ಹೀಗೆ ಆಡುತ್ತೆ, ಆ ಅಂಕಿನ ಅಷ್ಟು ನಂಬಬಾರ್ದು.

ಇನ್ನು ಮೊದಲೇ ಯಾಕೆ ಹೇಳಲ್ಲ ಅಂದ್ರೆ, ಹೇಳೋಕೆ ಯಾರಿಗೂ ಬರಲ್ಲ. ಆದಮೇಲೆ ಅಳೆಯೋದು ಬೇರೆ, ಆಗೋಕೆ ಮುಂಚೆ ಹೇಳೋದು ಬೇರೆ. ಜಪಾನಿನವರೂ ಪಿ ಅಲೆ ಹಿಡಿದು ಎಸ್ ಅಲೆ ಬರೋ ಮುಂಚೆ ಕೆಲವು ಸೆಕೆಂಡ್ ಟೈಮ್ ಕೊಡ್ತಾರೆ, ಅಷ್ಟೇ.

ಇವತ್ತು ರಾತ್ರಿ 11.30ಕ್ಕೆ ಕೋಲಾರ, ತುಮಕೂರಲ್ಲಿ ಭೂಕಂಪ ಅಂತ ವಾಟ್ಸಾಪ್ ಬಂದಿದೆ, ಆಚೆ ಮಲಗೋಣ್ವಾ? — ಶಿರಾ

ನಿಮ್ಮ ಪತ್ರ ನನ್ನ ಕೈಗೆ ಬರೋ ಹೊತ್ತಿಗೆ ಆ 11.30 ಆಗಿ ಎರಡು ವಾರ ಆಗಿತ್ತು. ಮೇಲಿನ ಉತ್ತರದ ಕೊನೇ ಪ್ಯಾರಾ ಓದಿ, ಒಳಗೇ ಮಲಗಿ.

ನಾವು ಜೋನ್ 2ರಲ್ಲಿ ಇದ್ದೀವಿ, ಏನೂ ಆಗಲ್ಲ ಅಂತ ನಮ್ಮ ಮೇಸ್ತ್ರಿ ಹೇಳ್ತಾರೆ. ನಮ್ಮದು ತಾತನ ಕಾಲದ ಚಪ್ಪಡಿ ಮನೆ. ಮೇಲೆ ಒಂದು ಅಂತಸ್ತು ಕಟ್ಟಬಹುದಾ? — ಚಿಂತಾಮಣಿ

ಇದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಜೋನ್ ಅಂದ್ರೆ ಭೂಕಂಪದ ಅಪಾಯ ನೋಡಿ ದೇಶವನ್ನ ಹಂಚಿರೋ ಭಾಗ, ಅಂಕಿ ಏರಿದಷ್ಟೂ ಅಪಾಯ ಜಾಸ್ತಿ. ಅದನ್ನ ಹೆಂಗೆ ಮಾಡ್ತಾರೆ ಅಂದ್ರೆ, ಎಲ್ಲೆಲ್ಲಿ ಯಾವಾಗ ಎಷ್ಟು ದೊಡ್ಡ ಭೂಕಂಪ ಆಗಿತ್ತು, ಎಷ್ಟು ಮನೆ ಬಿತ್ತು, ಕೆಳಗಿನ ಬಂಡೆ ಎಂಥದ್ದು, ಬಿರುಕು ಎಲ್ಲೆಲ್ಲಿ ಅಂತ ಕೂಡಿಸಿ ನೋಡ್ತಾರೆ. 1897ರ ಅಸ್ಸಾಂ ಭೂಕಂಪ ಆದಮೇಲೆ 1898ರಲ್ಲಿ ಕಲ್ಕತ್ತಾದ ಅಲಿಪುರದಲ್ಲಿ ದೇಶದ ಮೊದಲ ಸ್ಟೇಷನ್ ಬಂತು, ಈಗ ಎನ್‌ಸಿಎಸ್ ಒಂದಕ್ಕೇ ದೇಶದಲ್ಲಿ 150ಕ್ಕೂ ಹೆಚ್ಚು ಸ್ಟೇಷನ್ ಇವೆ, ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ್ದು, ಯಲಹಂಕದಲ್ಲಿದೆಯಲ್ಲ ಅದು, ಬೇರೆ ಇದೆ. ಅಂದ್ರೆ ಮೆಷಿನ್ನಿನ ಲೆಕ್ಕ ನೂರು ಚಿಲ್ಲರೆ ವರ್ಷದ್ದು. ನಂದಿ ಬೆಟ್ಟದ ಕಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷ. ಅಷ್ಟು ಹಳೇ ಮುದುಕನ್ನ ಒಂದು ಗಳಿಗೆ ನೋಡಿ ಇವನು ಸಾಧು ಅಂತ ಸರ್ಟಿಫಿಕೇಟ್ ಕೊಟ್ಟ ಹಾಗೆ.

ಕಿಲ್ಲಾರಿ ನೆನಪಿದೆಯಾ? 1993ರ ಸೆಪ್ಟೆಂಬರ್ 30, ಗಣೇಶ ಬಿಟ್ಟು ಬಂದು ಮಲಗಿದ್ದ ಜನ, ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ಹತ್ತಿರ, ಲಾತೂರಿನ ಕಿಲ್ಲಾರಿ ಸುತ್ತ 6.2. ಸುಮಾರು ಹತ್ತು ಸಾವಿರ ಜನ ಹೋದ್ರು. ಆ ಊರು ಆಗ ಯಾವ ಜೋನಲ್ಲಿತ್ತು ಗೊತ್ತಾ, ಜೋನ್ 1, ಎಲ್ಲಕ್ಕಿಂತ ಸೇಫ್ ಅಂದಿದ್ದು. 2002ರಲ್ಲಿ ಕಟ್ಟಡದ ಕೋಡ್ ಪರಿಷ್ಕಾರ ಮಾಡಿದಾಗ ಜೋನ್ 1 ಅನ್ನೋದನ್ನೇ ತೆಗೆದು 2ಕ್ಕೆ ಸೇರಿಸಿದ್ರು, 2, 3, 4, 5 ಅಂತ ನಾಲ್ಕೇ ಉಳೀತು. ಆ ಮ್ಯಾಪಲ್ಲಿ ಕಛ್, ಈಶಾನ್ಯ, ಅಂಡಮಾನ್, ಹಿಮಾಲಯದ ಕೆಲವು ಭಾಗ 5. ನಮ್ಮ ಕರಾವಳಿ, ಉತ್ತರದ ಕೆಲವು ಭಾಗ 3. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು 2. ಹಾಗಾಗಿ ನಿಮ್ಮ ಮೇಸ್ತ್ರಿ ಅರ್ಧ ಸರಿ: ಸಾಧ್ಯತೆ ಕಮ್ಮಿ. "ಏನೂ ಆಗಲ್ಲ" ಅಂತ ಮ್ಯಾಪಲ್ಲಿ ಎಲ್ಲೂ ಬರೆದಿಲ್ಲ.

ಕಿಲ್ಲಾರೀಲಿ ಜನ ಸತ್ತಿದ್ದು ಭೂಮಿಯಿಂದಲ್ಲ, ಗೋಡೆಯಿಂದ. ಉಂಡೆಗಲ್ಲು ಮಣ್ಣಲ್ಲಿ ಕೂರಿಸಿ ಎರಡು ಅಡಿಗೂ ದಪ್ಪ ಕಟ್ಟಿದ ಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಅಂಥ ಗೋಡೆಗೆ ಒಳಗೊಂದು ಮೈ ಹೊರಗೊಂದು ಮೈ, ನಡುವೆ ಚಕ್ಕೆಕಲ್ಲು ತುಂಬಿರ್ತಾರೆ, ಅಲ್ಲಾಡಿದ್ರೆ ಎರಡು ಮೈಯೂ ಬೇರೆಬೇರೆಯಾಗಿ ಉಬ್ಬಿ ಬಿಚ್ಕೊಳ್ಳುತ್ತೆ, ಮಾಳಿಗೆ ನೇರ ಕೆಳಗೆ. ಈಗ ನಿಮ್ಮ ಮನೆ ನೋಡಿ. ಮಣ್ಣಲ್ಲಿ ಕಟ್ಟಿದ ಗೋಡೆನಾ, ಗಾರೆನಾ? ಚಪ್ಪಡಿ ಗೋಡೆ ಮೇಲೆ ಎಷ್ಟು ಇಂಚು ಕೂತಿದೆ? ನಮ್ಮ ಕಡೆ ಚಪ್ಪಡಿ ಸುಮ್ಮನೆ ಹೊದಿಸಿದ ಹಾಗೆ ಇಟ್ಟಿರ್ತಾರೆ, ಅದರ ತೂಕವೇ ಅದನ್ನ ಹಿಡ್ಕೊಂಡಿರುತ್ತೆ, ಪಕ್ಕಕ್ಕೆ ಅಲುಗಿದ್ರೆ ಹಿಡ್ಕೊಳ್ಳೋದು ಏನೂ ಇಲ್ಲ. ಅಂಥದರ ಮೇಲೆ ಇನ್ನೊಂದು ಅಂತಸ್ತು ಅಂದ್ರೆ ನನ್ನ ಮಾತು ಬೇಡ ಅಂತ್ಲೇ, ಭೂಕಂಪ ಆಗ್ಲಿ ಬಿಡ್ಲಿ. ಪಕ್ಕದಲ್ಲಿ ಹೊಸದು ಕಟ್ಟೋದಾದ್ರೆ ಬಾಗಿಲು ಕಿಟಕಿ ತಲೆ ಮಟ್ಟದಲ್ಲಿ ಮನೆ ಸುತ್ತ ತುಂಡಾಗದ ಹಾಗೆ ಒಂದು ಕಾಂಕ್ರೀಟ್ ಬೆಲ್ಟ್ ಹಾಕ್ಸಿ, ಲಿಂಟಲ್ ಬರೀ ಕಿಟಕಿ ಮೇಲೆ ಸಾಕು ಅಂತ ಮೇಸ್ತ್ರಿ ಅಂದ್ರೆ ಒಪ್ಪಬೇಡಿ. ಕಲ್ಲು ಗೋಡೆನೇ ಬೇಕು ಅಂದ್ರೆ ಅಲ್ಲಲ್ಲಿ ಗೋಡೆಯ ಎರಡು ಮೈಗೂ ತಾಗೋ ಉದ್ದಗಲ್ಲು ಕೂರಿಸ್ಲಿ. ಖರ್ಚು ಎಷ್ಟಾಗುತ್ತೆ ಅಂತ ಇಂಜಿನಿಯರ್‌ನ ಒಂದ್ಸಲ ಕರೆಸಿ ಕೇಳಿ, ಗೃಹಪ್ರವೇಶದ ಊಟಕ್ಕಿಂತ ಜಾಸ್ತಿ ಆಗಲ್ಲ ಅಂತ ನನ್ನ ಅಂದಾಜು.

ಸಣ್ಣ ಸಣ್ಣದು ಆಗ್ತಾ ಇದ್ರೆ ಒಳಗಿನ ಪ್ರೆಷರ್ ಖಾಲಿಯಾಗಿ ದೊಡ್ಡದು ಬರಲ್ಲ ಅಂತಾರಲ್ಲ? ಇದಕ್ಕೆಲ್ಲಾ ನಾವು ಕೊರೆಸಿರೋ ಬೋರ್‌ವೆಲ್ ಕಾರಣಾನಾ? — ಶ್ರೀನಿವಾಸಪುರದ ಮಾವಿನ ತೋಟದವರು

ಮೊದಲನೇದು ಲೆಕ್ಕದಲ್ಲಿ ನಿಲ್ಲಲ್ಲ. ಮ್ಯಾಗ್ನಿಟ್ಯೂಡ್ ಒಂದು ಅಂಕಿ ಏರಿದ್ರೆ ಶಕ್ತಿ ಸುಮಾರು 32 ಪಟ್ಟು ಏರುತ್ತೆ. ನಮ್ಮ 3ರ ಆಸುಪಾಸಿಗೂ ಕಿಲ್ಲಾರಿ 6.2ಗೂ ಇರೋ ವ್ಯತ್ಯಾಸ ಸುಮಾರು ಅರವತ್ತು ಸಾವಿರ ಪಟ್ಟು. ಅಂದ್ರೆ ಅಂಥ ಒಂದನ್ನ ಚಿಲ್ಲರೆ ಮಾಡಿ ಖರ್ಚು ಮಾಡೋಕೆ ಚಿಕ್ಕಬಳ್ಳಾಪುರದಂಥದ್ದು ಅರವತ್ತು ಸಾವಿರ ಸಲ ಆಗ್ಬೇಕು, ದಿನಕ್ಕೊಂದು ಆದ್ರೂ ನೂರಾ ಅರವತ್ತು ವರ್ಷ.

ಬೋರ್‌ವೆಲ್ ವಿಷ್ಯ: 1500 ಅಡಿ ಅಂದ್ರೆ ಅರ್ಧ ಕಿ.ಮೀ. ಕೂಡ ಇಲ್ಲ, ಭೂಕಂಪ ಹುಟ್ಟೋದು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕೆಳಗೆ. ಹಾಗಂತ ನೀರಿಗೂ ಭೂಕಂಪಕ್ಕೂ ನಂಟೇ ಇಲ್ಲ ಅಂತಲ್ಲ. ಮಹಾರಾಷ್ಟ್ರದ ಕೊಯ್ನಾ ಡ್ಯಾಂ ತುಂಬಿದ ಮೇಲೆ 1967ರ ಡಿಸೆಂಬರ್‌ನಲ್ಲಿ 6ಕ್ಕೂ ಮೇಲಿನದ್ದು ಆಯ್ತು. ಸ್ಪೇನ್‌ನ ಲೋರ್ಕಾದಲ್ಲಿ 2011ರಲ್ಲಿ 5.1 ಆದಾಗ, ದಶಕಗಟ್ಟಲೆ ಅಂತರ್ಜಲ ಎಳೆದಿದ್ದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ವಿಜ್ಞಾನಿಗಳು ಬರೆದ್ರು. ನಮ್ಮ ಕಡೆ 2021ರ ನವೆಂಬರ್‌ನಲ್ಲಿ ಯಾವ ಮಳೆ ಬಂತು ನೆನಪಿದೆಯಲ್ಲ, ಎಷ್ಟೋ ವರ್ಷದಿಂದ ತುಂಬದ ಕೆರೆ ಕೋಡಿ ಹೋಯ್ತು. ಒಣಗಿದ್ದ ಬಂಡೆ ಬಿರುಕಿಗೆ ನೀರಿಳಿದು ಒತ್ತಡ ಏರಿ ಚೂರು ಜಾರಿರಬಹುದು ಅಂತ ಆಗ ತಜ್ಞರು ಹೇಳಿದ್ರು, ನನಗೂ ಅದೇ ಸರಿ ಅನ್ಸುತ್ತೆ.

ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ ಮೇಲೂ ಮನೆ ಅದುರೋದು ಯಾಕೆ? — ಬಂಗಾರಪೇಟೆ

ಅದಕ್ಕೆ ರಾಕ್ ಬರ್ಸ್ಟ್ ಅಂತಾರೆ, ನಿಮ್ಮೂರಿನ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೂರು ಕಿ.ಮೀ.ಗೂ ಆಳ ತೋಡಿ ಚಿನ್ನ ತೆಗೆದ ಮೇಲೆ ಸುತ್ತಿನ ಬಂಡೆ ಮೇಲೆ ಭಾರ ಕೂತು ಅದು ಇದ್ದಕ್ಕಿದ್ದ ಹಾಗೆ ಸಿಡಿಯುತ್ತೆ. 2001ರಲ್ಲಿ ಗಣಿ ನಿಲ್ಲಿಸಿದ್ರು, ಪಂಪೂ ನಿಲ್ತು, ಒಳಗೆ ನೀರು ತುಂಬ್ತು, ಖಾಲಿ ಜಾಗ ಮಾತ್ರ ಅಲ್ಲೇ ಇದೆ. ಈ ಬಂಡೆ ಸಿಡಿಯೋದನ್ನ ಓದೋಕೇ ಅಂತ ಅಲ್ಲಿ ಮೆಷಿನ್ ಜಾಲ ಹಾಕಿದ್ರು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಗಿದ್ದೂ ಕೆಜಿಎಫ್‌ನಲ್ಲೇ.

ಮೊದಲು ಇಷ್ಟು ಭೂಕಂಪ ಇರಲಿಲ್ಲ, ಈಗ ಆ್ಯಪ್ ತೆಗೆದ್ರೆ ದಿನಾ ಒಂದೊಂದು. ಭೂಮಿ ಕೆಟ್ಟೋಯ್ತಾ? ನಾವು ನೋಡಿದ್ದನ್ನ ಯಾರಿಗೆ ಹೇಳೋದು? — ತಿಪಟೂರು

ಕೆಟ್ಟಿಲ್ಲ, ಕಿವಿ ಜಾಸ್ತಿ ಆಗಿದೆ. 4ರ ಭೂಕಂಪ ಒಂದು ಆಗೋ ಕಡೆ 3ರದ್ದು ಸುಮಾರು ಹತ್ತು, 2ರದ್ದು ನೂರು ಆಗುತ್ತೆ, ಇದು ಹಳೇ ಲೆಕ್ಕ. ಸ್ಟೇಷನ್ ಕಮ್ಮಿ ಇದ್ದಾಗ ಆ ನೂರು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಪಟ್ಟಿ ಉದ್ದ ಇದೆ ಅಂತ ಒಂದು ಜಿಲ್ಲೇನ ಇನ್ನೊಂದರ ಜೊತೆ ಹೋಲಿಸೋಕೆ ಮುಂಚೆ ಎಲ್ಲೆಲ್ಲಿ ಎಷ್ಟು ಸ್ಟೇಷನ್ ಇದೆ ನೋಡ್ಬೇಕು.

ಎನ್‌ಸಿಎಸ್‌ನವರ ಭೂಕಂಪ್ ಆ್ಯಪ್‌ನಲ್ಲಿ ನೋಡ್ಬೋದು, ಇಲ್ಲಾ ತಾಲ್ಲೂಕು ಆಫೀಸಿಗೆ ಹೇಳಿ. "ಭಯಂಕರವಾಗಿ ಅಲ್ಲಾಡ್ತು" ಅಂತ ಬರೆದ್ರೆ ಯಾರಿಗೂ ಉಪಯೋಗ ಇಲ್ಲ. ಕೂತಿದ್ರಾ, ಮಲಗಿದ್ರಾ, ಎಷ್ಟನೇ ಅಂತಸ್ತು, ಪಾತ್ರೆ ಬರೀ ಸದ್ದು ಮಾಡ್ತಾ, ಇಲ್ಲಾ ಕೆಳಗೂ ಬಿತ್ತಾ, ಗೋಡೆ ಗಾರೆ ಬಿರಿದಿದ್ರೆ ಅದು ಹೊಸಾ ಬಿರುಕಾ ಹಳೇದಾ, ಇಷ್ಟು ಸಾಕು. ಟೈಮ್ ಮಾತ್ರ ಫೋನ್ ನೋಡಿ ಬರೀರಿ. ಆವತ್ತು ನಾನು ನಮ್ಮ ಹಾಲ್ ಗಡಿಯಾರ ನೋಡಿ 7.25 ಅಂತ ಪಕ್ಕದ ಮನೆಯವರ ಜೊತೆ ವಾದ ಮಾಡಿದ್ದೆ, ಅದು ಹತ್ತು ನಿಮಿಷ ಮುಂದಿತ್ತು, ಈಗ್ಲೂ ಹಂಗೇ ಇದೆ.