ಕ್ಲಾಸಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿದ್ದರೆ ಮೇಷ್ಟ್ರು ಏನು ಮಾಡಬೇಕು?

ಮೈಸೂರಿನ ಡಿಗ್ರಿ ಕಾಲೇಜಿಗೆ ಈಗಷ್ಟೇ ಅತಿಥಿ ಉಪನ್ಯಾಸಕರಾಗಿ ಸೇರಿದ್ದೀರಿ, ಕ್ಲಾಸಲ್ಲಿ ಕಣ್ಣು ಕಾಣದ ಹುಡುಗ ಒಬ್ಬ, ಕಿವಿ ಸರಿಯಾಗಿ ಕೇಳಿಸದ ಹುಡುಗಿ ಒಬ್ಬಳು ಇದ್ದಾರೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಅವರನ್ನೇ ಕೇಳಿ, ಆದರೆ ಎಲ್ಲರ ಮುಂದೆ ಬೇಡ. ಎಷ್ಟು ಕಾಣುತ್ತೆ, ಯಾವಾಗಿಂದ ಹೀಗೆ ಎಂದೆಲ್ಲ ವಿಚಾರಿಸಬೇಡಿ. ಪಿಯುಸಿಯಲ್ಲಿ ಹೇಗೆ ಓದುತ್ತಿದ್ದೆ, ಏನು ಮಾಡಿಕೊಟ್ಟರೆ ಸುಲಭ ಆಗುತ್ತೆ ಎಂದಷ್ಟೇ ಕೇಳಿ.

ನಾನು ಹೀಗೆ ಕೇಳದೇ ತಪ್ಪು ಮಾಡಿದ್ದೆ. ನನ್ನ ಕ್ಲಾಸಲ್ಲೂ ಕಣ್ಣು ಕಾಣದ ಹುಡುಗ ಒಬ್ಬನಿದ್ದ. ನೋಟ್ಸ್ ಫೈಲನ್ನು ವಾಟ್ಸಾಪಲ್ಲಿ ಕಳಿಸಿ ನನ್ನ ಕೆಲಸ ಆಯ್ತು ಅಂದುಕೊಂಡಿದ್ದೆ. ಮೊದಲ ಇಂಟರ್ನಲ್ಸ್‌ನಲ್ಲಿ ಅವನಿಗೆ ಮಾರ್ಕ್ಸ್ ಕಮ್ಮಿ ಬಂತು, ಕರೆದು ಕೇಳಿದರೆ ಲ್ಯಾಪ್‌ಟಾಪ್ ತಂದು ನನ್ನ ಫೈಲನ್ನೇ ತೆರೆದ. ತೆರೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತೆ. ಆದರೆ ನಾನು ಟೈಪ್ ಮಾಡಿದ್ದು 'ನುಡಿ' ಎಂಬ ಹಳೇ ಫಾಂಟಲ್ಲಿ, ಕಂಪ್ಯೂಟರಿಗೂ ಕನ್ನಡ ಎಂದೇ ಗೊತ್ತಾಗುವ ಯೂನಿಕೋಡಲ್ಲಿ ಅಲ್ಲ. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವ ಅಕ್ಷರ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಷ್ಟೇ. 'ಕನ್ನಡ' ಎಂಬ ಪದ ಬಂದಾಗ 'ಪಿ', 'ಪೌಂಡ್', 'ಕ್ಯೂ' ಎಂದು ಏನೇನೋ ಕೇಳಿಸಿತು. ಎರಡು ತಿಂಗಳಿಂದ ಹಾಸ್ಟೆಲ್ ಗೆಳೆಯನ ಕೈಲಿ ಓದಿಸಿಕೊಳ್ಳುತ್ತಿದ್ದನಂತೆ, ನನಗೆ ಒಂದು ಮಾತೂ ಹೇಳಿರಲಿಲ್ಲ. ಬಹಳ ಬೇಜಾರಾಯ್ತು. ಅವತ್ತು ರಾತ್ರಿಯೇ ಕೂತು ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿದೆ. ಪುಸ್ತಕದ ಪುಟದ ಫೋಟೊ ತೆಗೆದು ಕಳಿಸಿದರೂ ಇದೇ ಕಥೆ, ಅದು ಬರೀ ಚಿತ್ರ.

ನಕ್ಷೆಗೆ ಬೇರೆ ದಾರಿ ಹುಡುಕಬೇಕು. ಶ್ರೀರಂಗಪಟ್ಟಣದ ಪಾಠ ಬಂದಾಗ ರಟ್ಟಿನ ಮೇಲೆ ಕಾವೇರಿಯ ಎರಡು ಕವಲಿಗೆ ದಪ್ಪ ದಾರ ಅಂಟಿಸಿಕೊಟ್ಟೆ. ದಾರದ ಮೇಲೆ ಬೆರಳು ಓಡಿಸಿ, "ಸುತ್ತ ನೀರೇ ಅಲ್ವಾ ಸಾರ್, ಕೋಟೆ ಇಲ್ಲಿ ಯಾಕೆ ಅಂತ ಗೊತ್ತಾಯ್ತು" ಎಂದ.

ಆ ಹುಡುಗಿಗೆ ನಿಮ್ಮ ಮುಖ ಕಾಣಬೇಕು, ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ. ಹಿಂದಿನ ಬೆಂಚಿನವರು ಕೇಳಿದ ಪ್ರಶ್ನೆಯನ್ನು ನೀವೇ ಇನ್ನೊಮ್ಮೆ ಹೇಳಿ. ಶ್ರವಣ ಸಾಧನದ ತೊಂದರೆ ಇದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿಮ್ಮೂರಲ್ಲೇ ಇದೆ.

ಪರೀಕ್ಷೆಯ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಬರೆದುಕೊಡುವವರು, ಹೆಚ್ಚುವರಿ ಸಮಯ ಎರಡೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇವೆ, ಯಾರೂ ದಯೆ ತೋರಿಸಿ ಕೊಡುವುದಲ್ಲ. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇಲ್ಲದಂತೆ, ಅಂದರೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಸರ್ಟಿಫಿಕೇಟಲ್ಲಿ ವೈಕಲ್ಯದ ಪ್ರಮಾಣ ಶೇ. 40 ಇಲ್ಲ ಎಂದು ಬರೆದುಕೊಡುವವರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇಂಟರ್ನಲ್ಸ್‌ಗೂ ಇದನ್ನೇ ಮಾಡಿ. ಹಿಂದೆ ನಾನಿದ್ದ ಒಂದು ಕಾಲೇಜಲ್ಲಿ ಬೆಲ್ ಹೊಡೆದ ತಕ್ಷಣ ಇಂಥ ವಿದ್ಯಾರ್ಥಿಯ ಪೇಪರನ್ನೂ ಕಿತ್ತುಕೊಂಡಿದ್ದರು, ಕೊಠಡಿಯ ಮೇಲ್ವಿಚಾರಕರಿಗೆ ಯಾರೂ ಹೇಳಿಯೇ ಇರಲಿಲ್ಲ. ಅದಕ್ಕೇ ಈ ವಾರವೇ ಇಬ್ಬರ ಅರ್ಜಿಯನ್ನೂ ಪ್ರಿನ್ಸಿಪಾಲರಿಗೆ ಕೊಡಿಸಿ, ಒಂದು ಪ್ರತಿಗೆ ಸೀಲ್ ಹಾಕಿಸಿ ಅವರ ಕೈಲೇ ಇಟ್ಟುಕೊಳ್ಳಲು ಹೇಳಿ.