ಸೋಷಿಯಲ್ ಮೀಡಿಯಾ ಸಮಾಜವನ್ನು ಬದಲಿಸುತ್ತದೆಯೇ, ಕನ್ನಡಿಯಂತೆ ಸುಮ್ನೆ ತೋರಿಸುತ್ತದೆಯೇ? ಸಂಶೋಧನೆ ಏನು ಹೇಳುತ್ತದೆ?

ಎರಡೂ ಮಾಡುತ್ತದೆ. ಆದರೆ ಯಾವುದು ಎಷ್ಟು ಎಂದು ಬೇರ್ಪಡಿಸುವುದೇ ಕಷ್ಟ. ಪೋಸ್ಟ್ ಓದಿ ಜನ ಸಿಟ್ಟಾದರೋ, ಸಿಟ್ಟಿದ್ದವರೇ ಅದನ್ನು ಹುಡುಕಿಕೊಂಡು ಹೋದರೋ? ಬರೀ ಪೋಸ್ಟ್ ಎಣಿಸಿದರೆ ಗೊತ್ತಾಗುವುದಿಲ್ಲ.

ಅದಕ್ಕೇ ಪ್ರಯೋಗ ಬೇಕು. 2010ರ ಅಮೆರಿಕ ಚುನಾವಣೆಯ ದಿನ ಸುಮಾರು 6.1 ಕೋಟಿ ಫೇಸ್‌ಬುಕ್ ಬಳಕೆದಾರರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಮತ ಹಾಕಿ ಎಂಬ ಸಂದೇಶ ಮಾತ್ರ ಕಂಡಿತು. ಯಾವ ಸಂದೇಶವೂ ಕಾಣದವರಿಗಿಂತ ಅವರು ಜಾಸ್ತಿ ಮತ ಹಾಕಲಿಲ್ಲ. ಆದರೆ ಮತ ಹಾಕಿದ್ದೇವೆ ಎಂದ ಗೆಳೆಯರ ಫೋಟೋಗಳನ್ನೂ ಕಂಡವರು, ಚೂರೇ ಆದರೂ, ಜಾಸ್ತಿ ಮತ ಹಾಕಿದರು. ಕೆಲಸ ಮಾಡಿದ್ದು ಪರಿಚಿತ ಮುಖಗಳು! ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ.

2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 6.9 ಲಕ್ಷ ಜನರ ಫೇಸ್‌ಬುಕ್ ಫೀಡ್, ಅಂದರೆ ಅವರಿಗೆ ಕಾಣುವ ಪೋಸ್ಟ್‌ಗಳ ಸಾಲನ್ನು, ತಿದ್ದಿತು. ಖುಷಿಯ ಪೋಸ್ಟ್ ಕಡಿಮೆಯಾದಾಗ ಅವರ ಬರಹದಲ್ಲೂ ಖುಷಿಯ ಪದಗಳು ತುಸು ಇಳಿದವು. ಅವರಿಗೆ ಹೇಳದೆ ಹೀಗೆ ಮಾಡಿದ್ದು ತಪ್ಪು, ಅಲ್ವಾ?

ಇನ್ನು ಕನ್ನಡಿಯ ಮಾತು. ಅದು ಸೊಟ್ಟ ಕನ್ನಡಿ. ಅಮೆರಿಕದ ವಯಸ್ಕ ಟ್ವಿಟರ್ (ಈಗಿನ ಎಕ್ಸ್) ಬಳಕೆದಾರರಲ್ಲಿ ಶೇ. 10ರಷ್ಟು ಜನರೇ ಶೇ. 80ರಷ್ಟು ಟ್ವೀಟ್ ಬರೆಯುತ್ತಾರೆ ಎಂದು ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಕಂಡುಕೊಂಡಿತು. ಉಳಿದವರ ಮನಸ್ಸಿನಲ್ಲಿ ಏನಿದೆ ಎಂಬುದು ಅಲ್ಲಿ ಕಾಣುವುದು ತುಂಬಾ ಕಡಿಮೆ.