ಮನೆ ಸ್ಟುಡಿಯೋಗೆ ಎಂಟು ಫೇಡರ್‌ನ ಕಂಟ್ರೋಲ್ ಸರ್ಫೇಸ್ ತಗೊಳ್ಳಬಹುದಾ?

ಮೌಸ್ ಹಿಡಿದು ಮಿಕ್ಸ್ ಮಾಡಿ ಸಾಕಾಗಿದೆ, ಎಂಟು ಫೇಡರ್ (ಮೇಲೆ ಕೆಳಗೆ ಸರಿಸಿ ಸದ್ದು ಏರಿಸಿ ಇಳಿಸುವ ಹಿಡಿಕೆ) ಇರುವ ಕಂಟ್ರೋಲ್ ಸರ್ಫೇಸ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಕೈಯಿಂದ ಓಡಿಸುವ ಯಂತ್ರ, ತಗೊಂಡರೆ ಹಾಡು ಇನ್ನೂ ಚೆನ್ನಾಗಿ ಬರುತ್ತಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನು ಇದೇ ಮಾತನ್ನು ಇದೇ ಆಸೆಯಲ್ಲಿ ಕೇಳುತ್ತಿದ್ದೆ. ಆಗ ಯಾರೂ ನನಗೆ ಹೇಳದ ಒಂದು ವಿಷಯವಿದೆ. ಅದನ್ನು ಹೇಳಿಬಿಡುತ್ತೇನೆ.

ನನ್ನದು ಮೈಸೂರಿನಲ್ಲಿ ಮನೆ ಮಹಡಿಯ ಮೇಲೆ ಒಂದು ಸಣ್ಣ ರೂಮು. ಭಾವಗೀತೆ, ದೇವರನಾಮ, ಮಕ್ಕಳ ಹಾಡು, ಇಂಥವನ್ನು ರೆಕಾರ್ಡ್ ಮಾಡುತ್ತೇನೆ. ಒಂದು ವರ್ಷ ದುಡ್ಡು ಕೂಡಿಟ್ಟು ಎಂಟು ಚಾನೆಲ್ ಫೇಡರ್, ಒಂದು ಮಾಸ್ಟರ್ ಫೇಡರ್ ಇರುವ ಯಂತ್ರವನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದೆ. ಮೋಟಾರ್ ಇರುವ ಫೇಡರ್‌ಗಳು. ಹಳೆಯ ಪ್ರಾಜೆಕ್ಟ್ ಒಂದನ್ನು ತೆರೆದ ತಕ್ಷಣ ಒಂಬತ್ತೂ ಫೇಡರ್‌ಗಳು ಸರ್ರನೆ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆ ಖುಷಿ ಸುಳ್ಳಲ್ಲ. ನಿಮಗೂ ಅದು ಸಿಗುತ್ತದೆ.

ತಂದು ಎರಡನೇ ವಾರಕ್ಕೆ ಒಂದು ಹಾಡಿನ ಕೆಲಸ ಬಂತು. ಊರಿನ ಕವಿಯೊಬ್ಬರ ಹೊಸ ಕವನ. ಹಾಡುವವರು ನನಗೆ ಚಿಕ್ಕಂದಿನಲ್ಲಿ ಸರಳೆವರಸೆ ಹೇಳಿಕೊಟ್ಟ ಟೀಚರ್. ಆಗ ಅವರಿಗೆ ಅರವತ್ತು ದಾಟಿತ್ತು. ಐದೂವರೆ ಮನೆ ಶ್ರುತಿ, ಅಂದರೆ ಜಿ ಶಾರ್ಪ್. ತಬಲ ಹಿಂದಿನ ವಾರವೇ ಆಗಿತ್ತು, ಶ್ರುತಿಗೆ ಸರಿಯಾಗಿ ಕೂಡಿಸಿ ನುಡಿಸಿದ್ದರು. ಆವತ್ತು ಬೆಳಿಗ್ಗೆ ನಾನೇ ಕೀಬೋರ್ಡ್‌ನಲ್ಲಿ ತಂಬೂರದ ಹಾಗೆ ಉದ್ದಕ್ಕೆ ನಿಲ್ಲುವ ಒಂದು ಪ್ಯಾಡ್ ನುಡಿಸಿ ಇಟ್ಟಿದ್ದೆ. ಸದ್ದು ಕಂಪ್ಯೂಟರ್ ಒಳಗಿನ ವಾದ್ಯದ್ದು. ಟೀಚರ್ ಶ್ರುತಿ ಹಿಡಿಯಬೇಕಾಗಿದ್ದದ್ದು ಅದರಿಂದಲೇ.

ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಸುಮ್ನೆ ಗುನುಗಿ ನೋಡಿದರು. ನಿಲ್ಲಿಸಿ, "ತಬಲ ಜಾಸ್ತಿ ಆಯ್ತಪ್ಪ, ಸ್ವಲ್ಪ ಕಮ್ಮಿ ಮಾಡು" ಅಂದರು. ತಬಲ ಇದ್ದದ್ದು ಮೊದಲನೇ ಫೇಡರ್‌ನಲ್ಲಿ. ಬೆರಳಿಟ್ಟು ಕೆಳಗೆ ಎಳೆದೆ. ಮೌಸ್ ಮುಟ್ಟದೆ, ಸ್ಕ್ರೀನ್ ನೋಡದೆ, ಅವರ ಮುಖ ನೋಡುತ್ತಾ ಇಳಿಸಿದೆ. ಇದಕ್ಕೇ ಅಲ್ವಾ ನಾನು ಇದನ್ನು ತಂದದ್ದು ಅನ್ನಿಸಿತು.

ನನ್ನ ತಪ್ಪು ಆ ಒಂದು ಎಳೆತದಲ್ಲಿ ಇತ್ತು. ನಿಮಗೆ ಇದು ಪೂರ್ತಿ ಅರ್ಥವಾಗಬೇಕು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಈ ಯಂತ್ರಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ಜೊತೆ ಮಾತಾಡುವುದು ಮ್ಯಾಕಿ ಕಂಟ್ರೋಲ್ ಅನ್ನುವ ರೀತಿಯಲ್ಲಿ. ಅದರಲ್ಲಿ ಹೋಗುವುದೆಲ್ಲ ಮಿಡಿ ಸಂದೇಶ, ಅಂದರೆ ಕೀಬೋರ್ಡ್ ಕಳಿಸುವಂಥದ್ದೇ. ಮಿಡಿಯಲ್ಲಿ ಒಂದು ಮಾಮೂಲಿ ಕಂಟ್ರೋಲರ್ ಸಂದೇಶಕ್ಕೆ 128 ಮೆಟ್ಟಿಲು ಮಾತ್ರ. ವಾಲ್ಯೂಮ್ ಏರಿಳಿತಕ್ಕೆ ಅದು ಒರಟು. ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಸಂದೇಶಕ್ಕಾದರೆ 16,384 ಮೆಟ್ಟಿಲು. ಅದಕ್ಕೇ ಮ್ಯಾಕಿ ರೀತಿಯಲ್ಲಿ ಫೇಡರ್ ಸರಿದಾಡಿದ್ದನ್ನು ಪಿಚ್ ಬೆಂಡ್ ಆಗಿಯೇ ಕಳಿಸುತ್ತಾರೆ. ಒಂದನೇ ಫೇಡರ್ ಒಂದನೇ ಮಿಡಿ ಚಾನೆಲ್‌ನಲ್ಲಿ, ಎರಡನೆಯದು ಎರಡರಲ್ಲಿ, ಹೀಗೆ ಎಂಟರವರೆಗೆ. ಮಾಸ್ಟರ್ ಒಂಬತ್ತರಲ್ಲಿ. ಸಾಫ್ಟ್‌ವೇರ್‌ಗೆ "ಇದು ಕಂಟ್ರೋಲ್ ಸರ್ಫೇಸ್" ಅಂತ ಹೇಳಿದ್ದರೆ ಅದು ಆ ಪಿಚ್ ಬೆಂಡನ್ನು ವಾಲ್ಯೂಮ್ ಅಂತ ಓದಿಕೊಳ್ಳುತ್ತದೆ.

ನಾನು ಹೇಳಿದ್ದೆ. ಆದರೆ ಯಂತ್ರದ ಸಂದೇಶ ಬರುವ ಅದೇ ಪೋರ್ಟನ್ನು ಮಾಮೂಲಿ ಮಿಡಿ ಇನ್‌ಪುಟ್‌ಗಳ ಪಟ್ಟಿಯಲ್ಲೂ ಆನ್ ಬಿಟ್ಟಿದ್ದೆ. ಪ್ಯಾಡ್ ಟ್ರ್ಯಾಕಿನ ಇನ್‌ಪುಟ್ "ಎಲ್ಲ ಮಿಡಿ ಇನ್‌ಪುಟ್" ಅಂತ ಇತ್ತು. ಬೆಳಿಗ್ಗೆ ನುಡಿಸಿದ ಮೇಲೆ ಆ ಟ್ರ್ಯಾಕನ್ನು ರೆಕಾರ್ಡಿಂಗ್‌ಗೆ ಸಿದ್ಧವಾಗಿಡುವ ಕೆಂಪು ಬಟನ್ ಆರಿಸಿರಲಿಲ್ಲ. ಹಾಗಾಗಿ ತಬಲದ ಫೇಡರ್ ಎಳೆದಾಗ ಸಂದೇಶ ಎರಡು ಕಡೆ ಹೋಯಿತು. ತಬಲದ ಸದ್ದು ಇಳಿಯಿತು. ಜೊತೆಗೆ ಪ್ಯಾಡ್‌ನ ಶ್ರುತಿಯೂ ಬಾಗಿತು.

ಕೀಬೋರ್ಡ್‌ನ ಪಿಚ್ ವೀಲ್ ಕೈ ಬಿಟ್ಟರೆ ಸ್ಪ್ರಿಂಗ್‌ನಿಂದ ನಡುವಿಗೆ ಮರಳುತ್ತದೆ. ಫೇಡರ್ ಬಿಟ್ಟಲ್ಲೇ ನಿಲ್ಲುತ್ತದೆ. ವಾದ್ಯದ ಪಿಚ್ ಬೆಂಡ್ ಸಾಮಾನ್ಯವಾಗಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸೆಮಿಟೋನ್ (ಕೀಬೋರ್ಡ್‌ನ ಪಕ್ಕಪಕ್ಕದ ಎರಡು ಮನೆಗಳ ಅಂತರ, ಅದರ ನೂರರಲ್ಲಿ ಒಂದು ಪಾಲು ಒಂದು ಸೆಂಟ್), ಒಟ್ಟು 400 ಸೆಂಟ್ಸ್. ನನ್ನ ಫೇಡರ್‌ನ ಉದ್ದ 100 ಮಿಲಿಮೀಟರ್. ಅಂದರೆ ಒಂದೊಂದು ಮಿಲಿಮೀಟರ್‌ಗೆ 4 ಸೆಂಟ್ಸ್. ತಬಲದ ಫೇಡರ್ ನಿಂತದ್ದು ನಡುವಿಗಿಂತ ಸುಮಾರು 8 ಮಿಲಿಮೀಟರ್ ಮೇಲೆ. ಪ್ಯಾಡ್ 32 ಸೆಂಟ್ಸ್ ಏರಿ ಕೂತಿತು. ಒಂದು ಸೆಮಿಟೋನ್‌ನಲ್ಲಿ ಮೂರನೇ ಒಂದು ಭಾಗ. ಹಾಡು ನಿಂತಿದ್ದಾಗ ಎಳೆದದ್ದರಿಂದ ಸದ್ದು ಬಾಗಿದ್ದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ನಾನು ಪ್ಯಾಡ್ ಟ್ರ್ಯಾಕಿನ ಕೆಂಪು ಬಟನ್ ಆರಿಸಿ, ಟೀಚರ್ ಟ್ರ್ಯಾಕಿನದ್ದು ಹಾಕಿದೆ. ವಾದ್ಯ ಮಾತ್ರ ಕೊನೆಗೆ ಬಂದ ಬೆಂಡನ್ನು ಹಾಗೇ ಹಿಡಿದುಕೊಂಡಿತ್ತು.

ಟೀಚರ್ ಪಲ್ಲವಿ ಹಾಡಿ ನಿಲ್ಲಿಸಿದರು. "ತಬಲ ಒಂಚೂರು ಇಳಿದಿದೆ ಅನ್ನಿಸುತ್ತಲ್ಲಪ್ಪ. ಶ್ರುತಿಗೆ ಸೇರ್ತಿಲ್ಲ" ಅಂದರು.

ನಾನು ಏನಂದೆ ಗೊತ್ತಾ? "ಹೆಡ್‌ಫೋನ್‌ನಲ್ಲಿ ಹಾಗೆ ಕೇಳಿಸುತ್ತೆ ಟೀಚರ್. ನೀವು ಪ್ಯಾಡ್ ಹಿಡಿದು ಹಾಡಿ, ಸರಿಹೋಗುತ್ತೆ" ಅಂದೆ. ಒಂದು ಕ್ಷಣ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಮತ್ತೆ ಕೇಳಿಸಿಕೊಂಡರು. ಆಮೇಲೆ "ಆಯ್ತು" ಅಂದರು. ನಾಲ್ಕು ಟೇಕ್ ಕೊಟ್ಟರು. ಎರಡನೆಯದು ಎಷ್ಟು ಚೆನ್ನಾಗಿತ್ತು ಅಂದರೆ, ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸೇವ್ ಮಾಡಿ ಆಫ್ ಮಾಡಿದೆ. ಮಾರನೇ ದಿನ ಸಂಜೆ ತೆರೆದು ಕೇಳಿದರೆ ಟೀಚರ್ ಧ್ವನಿ ಶ್ರುತಿಯಿಂದ ಏರಿದೆ. ಒಂದು ಸಾಲಲ್ಲ, ಇಡೀ ಹಾಡು. ಬೆಂಡ್ ರೆಕಾರ್ಡ್ ಆಗಿರಲಿಲ್ಲವಲ್ಲ, ಹಾಗಾಗಿ ಮತ್ತೆ ತೆರೆದಾಗ ಪ್ಯಾಡ್ ತನ್ನ ಸರಿಯಾದ ಜಾಗಕ್ಕೆ ಬಂದಿತ್ತು. ನನಗೆ ಅದು ಹೊಳೆಯಲಿಲ್ಲ. ಪ್ಯಾಡ್ ಸರಿ, ತಬಲ ಸರಿ, ಧ್ವನಿ ಮಾತ್ರ ಬೇರೆ. ಹಾಗಾದರೆ ತಪ್ಪು ಯಾರದ್ದು?

ಫೋನ್ ಮಾಡಿದೆ. "ಟೀಚರ್, ಶ್ರುತಿ ಸ್ವಲ್ಪ ಏರಿದೆ, ಇನ್ನೊಂದು ಸಲ ಹಾಡಿಬಿಡೋಣ" ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ "ವಯಸ್ಸಾಯ್ತಲ್ಲಪ್ಪ, ಕಿವಿ ಮೊದಲಿನ ಹಾಗಿಲ್ಲ ಅನ್ಸುತ್ತೆ" ಅಂದರು. ನಲವತ್ತು ವರ್ಷ ಮಕ್ಕಳಿಗೆ ಶ್ರುತಿ ಸೇರಿಸುವುದನ್ನು ಕಲಿಸಿದವರು. ಇನ್ನೊಂದು ಸಲ ಬಂದು ಹಾಡಿದರು. ಎಲ್ಲ ಸ್ವರವೂ ಸರಿಯಾಗಿತ್ತು, ಆದರೆ ಹೆದರಿಕೊಂಡು ಹಾಡಿದ್ದು ಕೇಳಿದರೆ ಗೊತ್ತಾಗುತ್ತಿತ್ತು. ಒಂದೊಂದು ಸ್ವರವನ್ನೂ ಮುಟ್ಟಿ ನೋಡಿ ಕಾಲಿಡುತ್ತಿದ್ದಾರೆ ಅನ್ನುವ ಹಾಗೆ. ಅದಾದ ಮೇಲೆ ಕವಿಗಳು ಇನ್ನೊಂದು ಹಾಡಿಗೆ ಕೇಳಿದಾಗ ಟೀಚರ್ ಬೇಡ ಅಂದರಂತೆ.

ಮೂರು ವಾರ ಕಳೆಯಿತು. ಬೇರೆ ಕೆಲಸಕ್ಕೆ ಕೂತು, ಎಡಗೈಯಲ್ಲಿ ಕೀಬೋರ್ಡ್‌ನ ಒಂದು ಮನೆ ಒತ್ತಿ ಹಿಡಿದು, ಬಲಗೈಯಲ್ಲಿ ಒಂದನೇ ಫೇಡರ್ ಏರಿಸಿದೆ. ಸದ್ದು ಜಾಸ್ತಿಯಾಗಲಿಲ್ಲ, ಸ್ವರ ಮೇಲಕ್ಕೆ ಜಾರಿತು. ಕೈ ಅಲ್ಲೇ ನಿಂತಿತು. ಮತ್ತೆ ಇಳಿಸಿದೆ, ಸ್ವರವೂ ಇಳಿಯಿತು. ಅರ್ಧ ಗಂಟೆ ಬೇರೇನೂ ಮಾಡಲು ಆಗಲಿಲ್ಲ.

ಆಮೇಲೆ ಹಳೆಯ ಪ್ರಾಜೆಕ್ಟ್ ತೆರೆದು ಟೀಚರ್ ಮೊದಲ ದಿನ ಹಾಡಿದ ಎರಡನೇ ಟೇಕ್ ತೆಗೆದೆ. ಟ್ಯೂನರ್ ಹಾಕಿ ಉದ್ದಕ್ಕೆ ನಿಂತ ಷಡ್ಜಗಳನ್ನು ಅಳೆದೆ. 32 ಸೆಂಟ್ಸ್, 31, 33. ಇಡೀ ಟ್ರ್ಯಾಕನ್ನು ಒಟ್ಟಿಗೆ 32 ಸೆಂಟ್ಸ್ ಇಳಿಸಿದೆ. ಒಂದೊಂದು ಸ್ವರ ತಿದ್ದಲಿಲ್ಲ, ಗಮಕ ಮುಟ್ಟಲಿಲ್ಲ. ಪಲ್ಲವಿಯಿಂದ ಕೊನೇ ಚರಣದವರೆಗೆ ತಬಲದ ಜೊತೆ ಹಾಲಿಗೆ ಸಕ್ಕರೆ ಬೆರೆತ ಹಾಗೆ ಕೂತಿತು. ಅವರು ಒಂದು ಸ್ವರವೂ ತಪ್ಪಿರಲಿಲ್ಲ.

ಅದೇ ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಮನೆಗೆ ಹೋದೆ. ಎಲ್ಲ ಹೇಳಿದೆ. ಮಿಡಿ, ಬೆಂಡ್ ಯಾವುದನ್ನೂ ಅವರು ಕೇಳಲಿಲ್ಲ. "ಹಾಗಾದ್ರೆ ಆವತ್ತು ತಬಲ ಸೇರ್ತಿಲ್ಲ ಅಂದೆನಲ್ಲ, ಅದು?" ಅಂತ ಮಾತ್ರ ಕೇಳಿದರು. "ನಿಜ ಟೀಚರ್. ಸೇರುತ್ತಿರಲಿಲ್ಲ. ನಿಮಗೆ ಸರಿಯಾಗೇ ಕೇಳಿಸಿತ್ತು" ಅಂದೆ. ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಕಾಫಿ ತಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಫೇಡರ್ ಬಂದರೆ ಹಾಡು ಚೆನ್ನಾಗುತ್ತಾ ಅನ್ನುವ ಲೆಕ್ಕವೇ ತಪ್ಪು. ಕಂಟ್ರೋಲ್ ಸರ್ಫೇಸ್ ಅನ್ನೋದು ಸಾಫ್ಟ್‌ವೇರ್ ಓಡಿಸುವ ಹಿಡಿಕೆ ಅಷ್ಟೇ. ಹಾಡಿನ ಸದ್ದು ಅದರೊಳಗೆ ಹೋಗುವುದೇ ಇಲ್ಲ. ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರ್‌ಗೆ ಒಯ್ಯುವ ಪೆಟ್ಟಿಗೆ) ಕೂಡ ಸೇರಿರುವ ಮಾದರಿಗಳು ಬೇರೆ. ನಿಮ್ಮ ಹತ್ತಿರ ಇರುವ ದುಡ್ಡು ಒಂದಕ್ಕೇ ಆಗುವುದಾದರೆ ಮೊದಲು ಗೋಡೆಗೆ ಸದ್ದು ಹೀರುವ ದಪ್ಪ ರಾಕ್‌ವೂಲ್ ಪ್ಯಾನೆಲ್ ಹಾಕಿಸಿ, ಒಳ್ಳೆಯ ಹೆಡ್‌ಫೋನ್ ತನ್ನಿ. ಹಾಡುವವರಿಗೂ ಒಂದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಅದೆಲ್ಲ ಆಗಿದೆ, ಕೈಯಲ್ಲೇ ಮಿಕ್ಸ್ ಮಾಡಬೇಕು ಅನ್ನುವುದಾದರೆ ಎಂಟು ಬೇಡ. ಒಂದೇ ಫೇಡರ್ ಇರುವುದು ತಗೊಳ್ಳಿ. ಪ್ರಿಸೋನಸ್ ಫೇಡರ್‌ಪೋರ್ಟ್ ಅಂಥದ್ದು. 100 ಮಿಲಿಮೀಟರ್ ಉದ್ದ, ಮೋಟಾರ್ ಇದೆ, ಬೆರಳು ಮುಟ್ಟಿದ್ದು ಅದಕ್ಕೆ ಗೊತ್ತಾಗುತ್ತದೆ. ನಾನು ಈಗ ಎಂಟರದ್ದನ್ನು ಮಾರಿ ಒಂದೇ ಫೇಡರ್‌ನದ್ದು ಇಟ್ಟುಕೊಂಡಿದ್ದೇನೆ. ನಾವು ಒಂದು ಸಲಕ್ಕೆ ನಿಜವಾಗಿ ಕಿವಿಗೊಡುವುದು ಒಂದೇ ಟ್ರ್ಯಾಕಿಗೆ, ಅದೂ ಹೆಚ್ಚು ಸಲ ಹಾಡುವ ಧ್ವನಿಗೆ. ಭಾವಗೀತೆಯಲ್ಲಿ ಸಾಲಿನ ಕೊನೇ ಅಕ್ಷರ ಮೆತ್ತಗಾಗಿ ಕರಗಿಹೋಗುತ್ತದೆ, ಅದನ್ನು ಒಂದೂವರೆ ಎರಡು ಡಿಬಿ ಎತ್ತಿ ಹಿಡಿದರೆ ಮಾತು ಪೂರ್ತಿ ಕೇಳಿಸುತ್ತದೆ. ಈ ಕೆಲಸಕ್ಕೆ ಫೇಡರ್‌ನಂಥದ್ದು ಬೇರೆ ಇಲ್ಲ. ಆಟೋಮೇಷನ್ (ಫೇಡರ್ ಸರಿಸಿದ್ದನ್ನು ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುವುದು) ಟಚ್ ಮೋಡ್‌ನಲ್ಲಿಟ್ಟು, ಸ್ಕ್ರೀನ್ ಆಫ್ ಮಾಡಿ, ಕಣ್ಣು ಮುಚ್ಚಿ, ಕವನ ಓದಿಕೊಂಡ ಹಾಗೆ ಏರಿಸಿ ಇಳಿಸುತ್ತೇನೆ. ಬೆರಳು ತೆಗೆದರೆ ಫೇಡರ್ ತಾನಾಗಿ ಹಳೆಯ ಜಾಗಕ್ಕೆ ಹೋಗುತ್ತದೆ. ರೈಟ್ ಮೋಡ್ ಮಾತ್ರ ಬೇಡ. ಅದರಲ್ಲಿ ಹಾಡು ಓಡುತ್ತಿದ್ದಷ್ಟು ಹೊತ್ತೂ ಹಿಂದೆ ಬರೆದದ್ದೆಲ್ಲ ಅಳಿಸುತ್ತಾ ಹೋಗುತ್ತದೆ.

ಮೋಟಾರ್ ಇಲ್ಲದ್ದನ್ನು ಕಡಿಮೆ ಬೆಲೆ ಅಂತ ತರಬೇಡಿ. ಸಾಫ್ಟ್‌ವೇರ್‌ನಲ್ಲಿ ವಾಲ್ಯೂಮ್ ಒಂದು ಕಡೆ, ಕೈಯಲ್ಲಿರುವ ಫೇಡರ್ ಇನ್ನೊಂದು ಕಡೆ ಇರುತ್ತದೆ. ಹಾಗೇ ಮುಟ್ಟಿದರೆ ಸದ್ದು ಹಾರುತ್ತದೆ. ಹಾರದ ಹಾಗೆ ಪಿಕಪ್ ಅನ್ನುವ ಸೆಟ್ಟಿಂಗ್ ಇಟ್ಟುಕೊಂಡರೆ, ಹಳೆಯ ಜಾಗ ಸಿಗುವವರೆಗೂ ಫೇಡರ್ ಸರಿಸುತ್ತಾ ಕೂರಬೇಕು. ಇನ್ನೊಂದು ವಿಷಯ. ನಿಮ್ಮದೂ ನನ್ನ ಹಾಗೆ ಒಂದೇ ರೂಮು ಅಂತ ಬರೆದಿದ್ದೀರಿ. ಮೋಟಾರ್ ಓಡುವ ಸದ್ದು ಮೈಕಿಗೆ ಬೀಳುತ್ತದೆ. ಹಾಡುವಾಗ ಆಟೋಮೇಷನ್ ಆಫ್ ಮಾಡಿಡಿ.

ತಂದ ದಿನ, ಬೇರೆ ಯಾವುದಕ್ಕೂ ಮೊದಲು ಇನ್‌ಪುಟ್ ಪಟ್ಟಿ ಸರಿಮಾಡಿ. ಕ್ಯೂಬೇಸ್‌ನಲ್ಲಾದರೆ ಸ್ಟುಡಿಯೋ ಸೆಟಪ್ ಒಳಗೆ ಮಿಡಿ ಪೋರ್ಟ್ ಸೆಟಪ್‌ಗೆ ಹೋಗಿ, ಸರ್ಫೇಸ್‌ನ ಪೋರ್ಟ್ ಎದುರು "ಆಲ್ ಮಿಡಿ ಇನ್‌ಪುಟ್ಸ್" ಕಾಲಮ್‌ನ ಟಿಕ್ ತೆಗೆಯಿರಿ. ಏಬಲ್ಟನ್ ಲೈವ್‌ನಲ್ಲಿ ಮಿಡಿ ಸೆಟ್ಟಿಂಗ್ಸ್‌ನಲ್ಲಿ ಆ ಪೋರ್ಟಿನ "ಟ್ರ್ಯಾಕ್" ಆಫ್ ಇರಲಿ. ರೀಪರ್‌ನಲ್ಲಿ ಅದನ್ನು ಕಂಟ್ರೋಲ್ ಸರ್ಫೇಸ್ ಪಟ್ಟಿಗೆ ಮಾತ್ರ ಸೇರಿಸಿ, ಮಿಡಿ ಇನ್‌ಪುಟ್ ಆಗಿ ಎನೇಬಲ್ ಮಾಡಬೇಡಿ. ಆಮೇಲೆ ಒಂದು ವಾದ್ಯದ ಟ್ರ್ಯಾಕ್ ಮಾಡಿ, ಕೆಂಪು ಬಟನ್ ಹಾಕಿ, ಕೀಬೋರ್ಡ್‌ನಲ್ಲಿ ಒಂದು ಸ್ವರ ಒತ್ತಿ ಹಿಡಿದುಕೊಂಡು ಇರುವ ಎಲ್ಲ ಫೇಡರ್‌ಗಳನ್ನೂ ಮೇಲೆ ಕೆಳಗೆ ಆಡಿಸಿ. ಸ್ವರ ಕೂದಲೆಳೆಯಷ್ಟೂ ಅಲುಗಬಾರದು. ಎರಡು ನಿಮಿಷದ ಕೆಲಸ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ, ಯುಎಸ್‌ಬಿ ತಂತಿ ಬೇರೆ ಕಡೆ ಚುಚ್ಚಿದಾಗ ಪೋರ್ಟ್ ಹೊಸದು ಅಂತ ತಿಳಿದು ಟಿಕ್ ವಾಪಸ್ ಬಂದಿರಬಹುದು. ಹಾಗಾಗಿ ಯಾರಾದರೂ ಹಾಡಲು ಬರುವ ದಿನ ಬೆಳಿಗ್ಗೆ ನಾನು ಈಗಲೂ ಇದನ್ನು ಮಾಡುತ್ತೇನೆ. ಹಾಡುವವರು "ಏನೋ ಸೇರುತ್ತಿಲ್ಲ" ಅಂದರೆ ಟೇಕ್ ನಿಲ್ಲಿಸಿ, ಅವರ ಹೆಡ್‌ಫೋನ್ ನಾನೇ ಹಾಕಿಕೊಂಡು ಕೇಳುತ್ತೇನೆ.

ನೀವು ಯಾವ ಸಾಫ್ಟ್‌ವೇರ್ ಬಳಸುತ್ತೀರಿ ಅಂತ ಬರೆದಿಲ್ಲ. ಮೇಲಿನ ಮೂರರಲ್ಲಿ ಇಲ್ಲದಿದ್ದರೆ ಕೆಳಗೆ ಹೆಸರು ಹಾಕಿ, ಎಲ್ಲಿ ನೋಡಬೇಕು ಅಂತ ಜೊತೆಗೇ ಹುಡುಕೋಣ.